ಕುಕ್ಕರಿನ ಕೂಗೂ ಟ್ಯಾಪೆಟ್ಟಿನ ಸದ್ದೂ

ಗಂಡಸರಿಗೆ ತಾಳ್ಮೆ ಇಲ್ಲ ಅನ್ನುವವರು ಹಳೇ ಕಾರಿನ ಎಂಜಿನ್ ಬಿಚ್ಚುತ್ತಿರುವ ಗಂಡಸನ್ನು ನೋಡಿಲ್ಲ. ಶುಚಿಯಿಲ್ಲ ಅನ್ನುವವರೂ ನೋಡಿಲ್ಲ. ಹೇಳಿದ್ದು ಕಿವಿಗೆ ಹಾಕಿಕೊಳ್ಳುವುದಿಲ್ಲ, ತೆಗೆದದ್ದನ್ನು ತೆಗೆದ ಜಾಗದಲ್ಲಿ ಇಡುವುದಿಲ್ಲ, ಕೂತ ಕಡೆ ಕೂರುವುದಿಲ್ಲ, ಇವೆಲ್ಲ ನಾವು ಹೆಂಗಸರು ತಲೆತಲಾಂತರದಿಂದ ಅವರ ಮೇಲೆ ಹೊರಿಸಿಕೊಂಡು ಬಂದ ಸುಳ್ಳು ಆಪಾದನೆಗಳು. ಗುಣಗಳೆಲ್ಲ ಅವರಲ್ಲಿ ಇವೆ. ಮನೆಗೆ ಖರ್ಚಾಗಿ ಹೋಗದ ಹಾಗೆ ಜೋಪಾನವಾಗಿ ಎತ್ತಿಟ್ಟುಕೊಂಡಿರುತ್ತಾರೆ, ಅಷ್ಟೆ.

ನಮ್ಮ ಮನೆಯವರನ್ನೇ ನೋಡಿ. ಮದುವೆಯಾದ ಲಾಗಾಯ್ತು ಒದ್ದೆ ಟವೆಲ್ಲು ಮಂಚದ ಮೇಲೆ, ಕನ್ನಡಕ ಫ್ರಿಜ್ಜಿನ ಮೇಲೆ, ಕನ್ನಡಕದ ಡಬ್ಬಿ ಎಲ್ಲಿ ಅಂತ ದೇವರೇ ಬಲ್ಲ. ಕುಕ್ಕರಿನ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರೂ "ಎಷ್ಟು ಸಲ ಕೂಗ್ತು ರೀ?" ಅಂದರೆ "ಯಾರು ಕೂಗಿದ್ದು?" ಅನ್ನುವ ಗಿರಾಕಿ. ಅದೇ ಮನುಷ್ಯ ಈಗ ಪೋರ್ಟಿಕೊದಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ಕಣ್ಣು ಮುಚ್ಚಿ, "ಮೂರನೇ ಸಿಲಿಂಡರಿನ ಟ್ಯಾಪೆಟ್ ಒಂಚೂರು ಲೂಸು" ಅನ್ನುತ್ತಾರೆ. ಆ ಒಂಚೂರು ಎಷ್ಟು ಅಂದುಕೊಂಡಿರಿ? ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಲೆಕ್ಕ. ಅದನ್ನು ಅಳೆಯುವುದಕ್ಕೆ ಫೀಲರ್ ಗೇಜ್ ಅಂತ ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೊಂಚಲೇ ಇದೆ. ಆ ಪಟ್ಟಿಗಿಂತ ಮೊದಲು ಇವರ ಕಿವಿಗೆ ಗೊತ್ತಾಗುತ್ತದೆ. ಕುಕ್ಕರ್ ಕೂಗಿದ್ದು ಮಾತ್ರ ಇವತ್ತಿಗೂ ಗೊತ್ತಾಗುವುದಿಲ್ಲ.

ಈ ಕಿವಿಯನ್ನು ಪಳಗಿಸಿದ್ದು ಒಂದು ಪ್ರೀಮಿಯರ್ ಪದ್ಮಿನಿ. ನಮ್ಮ ಮಾವನವರು 1975ರಲ್ಲಿ ಕೊಂಡದ್ದು. ಕೊಂಡದ್ದು ಅಂದರೆ ಈಗಿನವರು ಶೋರೂಮಿಗೆ ಹೋಗಿ, ಕಾಫಿ ಕುಡಿದು, ಥರ್ಮೋಕೋಲಿನ ದೊಡ್ಡ ಕೀ ಹಿಡಿದು ಫೋಟೊ ತೆಗೆಸಿಕೊಳ್ಳುವ ವ್ಯವಹಾರವಲ್ಲ. ಅದು ಲೈಸೆನ್ಸು ಪರ್ಮಿಟ್ಟಿನ ಕಾಲ. ದೇಶಕ್ಕೆಲ್ಲ ಇದ್ದದ್ದೇ ಮೂರು ಬಗೆಯ ಕಾರು: ಕಲ್ಕತ್ತೆ ಕಡೆಯ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್. ದುಡ್ಡು ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕು. ಇದೇ ಕಾರನ್ನು ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಅಂತ ಮಾಡುತ್ತಿದ್ದರು. ಆಮೇಲೆ ಅದು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಪದ್ಮಿನಿ ಅಂತ ಮತ್ತೊಂದು ನಾಮಕರಣ. ಮಾವನವರು ಬುಕ್ ಮಾಡಿದ್ದು ಒಂದು ಹೆಸರಿನ ಕಾರು, ಮನೆಗೆ ಬಂದದ್ದು ಇನ್ನೊಂದು ಹೆಸರಿನದು. ಕಾದು ಕಾದು ಸುಸ್ತಾದವರು ಹೆಸರಿಗೆ ತಕರಾರು ತೆಗೆಯುತ್ತಾರೆಯೆ? ತೆಂಗಿನಕಾಯಿ ಒಡೆದು ಒಳಗೆ ಕರಕೊಂಡರು.

ಮನೆಗೆ ಬಂದವರು ಕಾರಿನ ಕಡೆ ಅಪ್ಪಿತಪ್ಪಿ ಕಣ್ಣು ಹಾಯಿಸಿದರೋ, ಮುಗಿಯಿತು. ಇವರು ಕುರ್ಚಿ ಎಳೆದು ಹಾಕುತ್ತಾರೆ. "ಈ ಕಾರಿಗೂ ನಮ್ಮ ಮೈಸೂರಿಗೂ ಏನು ಸಂಬಂಧ ಹೇಳಿ ನೋಡೋಣ?" ಅಂತ ಶುರು. ಪ್ರೀಮಿಯರ್ ಕಂಪನಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದವರೂ ಅವರೇ, ಅದೇ ಈಗಿನ ಎಚ್‌ಎಎಲ್. ಅದಕ್ಕೂ ಮೊದಲು, 1930ರ ದಶಕದಲ್ಲೇ, ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಇಲ್ಲಿಗೆ ಬರುವಷ್ಟರಲ್ಲಿ ಬಂದವರ ಕಾಫಿ ಆರಿ ಕೆನೆ ಕಟ್ಟಿರುತ್ತದೆ. ಒಳಗಿನಿಂದ ನಮ್ಮತ್ತೆಯ ದನಿ: "ವಿಶ್ವೇಶ್ವರಯ್ಯನೋರು ಕಟ್ಟೆ ಕಟ್ಟಿ ಗದ್ದೆಗೆ ನೀರು ಬಿಟ್ರು. ನೀನು ಕಾರು ಬಿಚ್ಚಿ ನನ್ನ ರಂಗೋಲಿ ಮೇಲೆ ಆಯಿಲ್ ಬಿಟ್ಟಿದೀಯ ಕಣೋ!"

ಅತ್ತೆಗೆ ಆ ಕಾರಿನ ಮೇಲೆ ಹಳೇ ಸೇಡು. ಹೊಸತರಲ್ಲಿ ಧರ್ಮಸ್ಥಳಕ್ಕೆ ಹೋಗಿ ವಾಪಸು ಬರುವಾಗ ಶಿರಾಡಿ ಘಾಟಿ ಹತ್ತುತ್ತ ಗಾಡಿ ಉಸಿರು ಕಟ್ಟಿ ನಿಂತಿತಂತೆ. ಆ ಕಾಲದ ಕಾರುಗಳಿಗೆಲ್ಲ ಇದೊಂದು ರೋಗ. ಪೆಟ್ರೋಲ್ ಎಳೆಯುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಏರು ಹತ್ತುವ ಕಾವಿಗೆ ಅದರೊಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪಿಗೆ ಎಳೆಯಲು ಆವಿ ಬಿಟ್ಟರೆ ಏನೂ ಸಿಗುವುದಿಲ್ಲ. ಮದ್ದು ಒಂದೇ: ಒದ್ದೆ ಬಟ್ಟೆ ಸುತ್ತಿ ತಣಿಯುವ ತನಕ ಕಾಯುವುದು. ಮಾವನವರು ಸುತ್ತಮುತ್ತ ನೋಡಿ, ಅತ್ತೆ ಕೊಂಡುತಂದಿದ್ದ ಹೊಸ ಟವೆಲನ್ನು ಹರಿದು, ಕೂಜದ ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದರಂತೆ. "ಕೂಸಿಗೆ ಕುಡಿಸೋಕೆ ಇಟ್ಕೊಂಡಿದ್ದ ನೀರು! ಮೊದಲು ಕಾರಿಗೆ, ಆಮೇಲೆ ಮಗನಿಗೆ!" ಅಂತ ಅತ್ತೆ ಈಗಲೂ ಹಲ್ಲು ಕಡಿಯುತ್ತಾರೆ. ಆ ಕೂಸೇ ನಮ್ಮ ಯಜಮಾನರು. ಬಾಯಾರಿಸಿಕೊಂಡು ಬೆಳೆದವರು ಸೇಡು ತೀರಿಸಿಕೊಳ್ಳಬೇಕಾಗಿತ್ತು. ಇವರು ಭಕ್ತರಾಗಿಬಿಟ್ಟರು.

ಮಾವನವರು ತೀರಿಕೊಂಡ ಮೇಲೆ ಕಾರು ಟಾರ್ಪಾಲು ಹೊದ್ದುಕೊಂಡು ಮಲಗಿತ್ತು. ಸೀಟಿನ ತೆಂಗಿನ ನಾರಿನಲ್ಲಿ ಇಲಿ ಸಂಸಾರ ಹೂಡಿತ್ತು. ಗುಜರಿಯವನು ಗೇಟಿನ ಹೊರಗಿನಿಂದಲೇ ತೂಕದ ಲೆಕ್ಕದಲ್ಲಿ ರೇಟು ಹೇಳಿಹೋದ. ಅವತ್ತು ಇವರಿಗೆ ರೋಷ ಬಂತು. ಮುಂದಿನ ಭಾನುವಾರವೇ ಕಬ್ಬಿಣದ ಮುಕ್ಕಾಲಿ, ಚೈನ್ ಪುಲ್ಲಿ ಬಾಡಿಗೆಗೆ ಬಂದವು. ಜೊತೆಗೆ ಒಬ್ಬ ಮೇಸ್ತ್ರಿ ಬಂದರು. ವಯಸ್ಸಾಗಿದೆ, ಬಗ್ಗಲಾರರು, ಸ್ಪ್ಯಾನರ್ ಮುಟ್ಟಲಾರರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೇವಲ ಬೈಯಬಲ್ಲರು. ನನ್ನ ಮಾತಿಗೆ ಒಂದು ದಿನವೂ "ಹೂಂ" ಅನ್ನದ ಮನುಷ್ಯ ಆ ಮೇಸ್ತ್ರಿ "ಏನ್ ಸಾರ್, ಬೋಲ್ಟ್ ಬಿಚ್ತೀರೋ, ಹಲ್ಲು ಕೀಳ್ತೀರೋ?" ಅಂದರೆ ತಲೆ ತಗ್ಗಿಸಿ "ಸರಿ ಮೇಸ್ತ್ರಿ, ಸರಿ ಮೇಸ್ತ್ರಿ" ಅನ್ನುವುದನ್ನು ಅಡುಗೆಮನೆ ಕಿಟಕಿಯಿಂದ ನೋಡುವುದೇ ನನಗೊಂದು ಹಬ್ಬ. ಮೇಸ್ತ್ರಿಗೆ ಎರಡು ಲೋಟ ಕಾಫಿ ನಾನು ಪ್ರೀತಿಯಿಂದಲೇ ಕೊಡುತ್ತಿದ್ದೆ.

ಎಂಜಿನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತುಗಳಿಂದ ಸೀಮೆಎಣ್ಣೆ, ಆಯಿಲ್ ಹುಯ್ದು ನೆನೆಹಾಕಿದರು. ಉದ್ದಿನಬೇಳೆ ನೆನೆಹಾಕಲು ಮರೆಯುವ ಮನೆಯಲ್ಲಿ ಪಿಸ್ಟನ್ ನೆನೆಹಾಕುವುದನ್ನು ಯಾರೂ ಮರೆಯಲಿಲ್ಲ. ಎಂಜಿನ್ ಬಿಡಿಬಿಡಿಯಾಗುತ್ತಿದ್ದಂತೆ ನನ್ನ ಪಾತ್ರೆಗಳು ಒಂದೊಂದಾಗಿ ವರ್ಗವಾಗಿ ಹೋದವು. ಪರಾತದಲ್ಲಿ ಸೀಮೆಎಣ್ಣೆ. ಸಾಂಬಾರ ಡಬ್ಬಿಯ ಬಟ್ಟಲುಗಳಲ್ಲಿ ನಟ್ಟು, ಬೋಲ್ಟು, ವಾಷರ್. ಎಂಟು ವಾಲ್ವುಗಳ ಪುಟಾಣಿ ಲಾಕುಗಳು ಪಡ್ಡಿನ ಹಂಚಿನಲ್ಲಿ, ಒಂದೊಂದು ಗುಳಿಗೆ ಒಂದೊಂದು ವಾಲ್ವಿನದು. ಯಾವುದು ಯಾವ ಜಾಗದಿಂದ ಬಂತೋ ಅದೇ ಜಾಗಕ್ಕೆ ಹೋಗಬೇಕಂತೆ. ವರ್ಷಗಟ್ಟಲೆ ಜೊತೆಗೆ ತಿರುಗಿ ಸವೆದವು, ಜೋಡಿ ಬದಲಾದರೆ ಹೊಂದುವುದಿಲ್ಲವಂತೆ. ಪ್ರತಿ ಗುಳಿಯ ಪಕ್ಕ ನೀಟಾಗಿ ಚೀಟಿ: "1 ಇನ್", "1 ಎಕ್ಸ್". ತನ್ನ ಕಾಲುಚೀಲದ ಜೋಡಿ ಇವತ್ತಿನವರೆಗೆ ಹುಡುಕಿಕೊಳ್ಳದವರ ಕೈಬರಹ ಅದು. ನಾನು ಆ ಚೀಟಿಗಳಲ್ಲೊಂದನ್ನು ಕಿತ್ತು ಇವರ ಬೀರುವಿಗೆ ಅಂಟಿಸೋಣ ಅಂದುಕೊಂಡೆ. ಆದರೆ ಎಂಜಿನ್ ಕೆಟ್ಟರೆ ಕೇಸು ನನ್ನ ಮೇಲೆ ಬರುತ್ತದೆ.

ಸಿಲಿಂಡರಿನ ಒಳಗೋಡೆ ಗೀರಿತ್ತು. ಬ್ಲಾಕನ್ನು ಆಟೋದಲ್ಲಿ ಕೂರಿಸಿಕೊಂಡು ಬೋರಿಂಗ್ ಅಂಗಡಿಗೆ ಹೋದರು. ಅಲ್ಲಿ ಸಿಲಿಂಡರ್ ಕೊರೆದು ಅಗಲ ಮಾಡಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಂದಿ ಎಲ್ಲ ಸುತ್ತಿದರು. ಕೊನೆಗೆ ಒಂದಷ್ಟು ಸಾಮಾನು ಮುಂಬೈಯ ಕುರ್ಲಾದಿಂದಲೇ ಪಾರ್ಸೆಲ್ಲಿನಲ್ಲಿ ಬಂತು. ಅಲ್ಲಿ ಟ್ಯಾಕ್ಸಿ ಅಂದರೇ ಪದ್ಮಿನಿ ಅನ್ನುವಂತಿದ್ದ ಕಾಲ ಇತ್ತಲ್ಲ. ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯುಸ್ಸು ಅಂತ ಕಾಯಿದೆ, ಕೊನೆಯ ಕಪ್ಪು ಹಳದಿ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಸುದ್ದಿ ಬಂದ ದಿನ ಇವರು ಊಟ ಸೇರದೆ ಕೂತಿದ್ದರು. ನಾನು ಗಾಬರಿಯಾಗಿ ಯಾರಿಗೆ ಏನಾಯಿತು ಅಂತ ಕೇಳಿದೆ. "ಮುಂಬೈನಲ್ಲಿ..." ಅಂದರು, ಗಂಟಲು ಕಟ್ಟಿತ್ತು. ಇವರ ದೊಡ್ಡಮ್ಮನ ಮಗ ಮುಂಬೈನಲ್ಲೇ ಇದ್ದಾನೆ. ನಾನು ಫೋನ್ ಮಾಡಿ ಅವನನ್ನೂ ಹೆದರಿಸಿಬಿಟ್ಟೆ.

ಹತ್ತನೇ ಕ್ಲಾಸಿನ ನಮ್ಮ ಮಗನಿಗೆ ಸಿಲಿಂಡರಿನ ಘನಫಲ ಟ್ಯೂಷನ್ನಿಗೆ ಹೋದರೂ ತಲೆಗೆ ಹತ್ತಿರಲಿಲ್ಲ. ಇವರು ಒಂದು ಪಿಸ್ಟನ್ ಕೈಗೆ ಕೊಟ್ಟರು. ಬೋರು 68 ಮಿ.ಮೀ., ಸ್ಟ್ರೋಕು 75 ಮಿ.ಮೀ., ಅಂಥವು ನಾಲ್ಕು, ಲೆಕ್ಕ ಹಾಕು ಅಂದರು. ಹುಡುಗ ಹಾಕಿದ, 1089 ಸಿಸಿ ಬಂತು. ಕಾರಿನ ಪುಸ್ತಕದಲ್ಲೂ ಅದೇ ಇತ್ತು. "ಈಗ 0.4 ಮಿ.ಮೀ. ಓವರ್‌ಸೈಜ್ ಮಾಡಿಸಿದೀವಿ, ಈಗೆಷ್ಟು?" 1102 ಬಂತು. "ಅಪ್ಪಾ, ಪುಕ್ಕಟೆ ಹದಿಮೂರು ಸಿಸಿ!" ಅಂತ ಕುಣಿದ. ಪುಕ್ಕಟೆ ಅಂತೆ! ಬೋರಿಂಗ್ ಅಂಗಡಿಯ ಬಿಲ್ಲು ನನ್ನ ಕೈಯಲ್ಲಿತ್ತು. ಒಂದೊಂದು ಸಿಸಿಗೆ ಎಷ್ಟು ಬಿತ್ತು ಅನ್ನುವ ಭಾಗಾಕಾರ ಮಾಡಲು ಅಪ್ಪ ಮಗ ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಮಗಳಿಗೆ ಹಿಡಿಸಿದ್ದು ಫೈರಿಂಗ್ ಆರ್ಡರ್. ಸಿಲಿಂಡರುಗಳು ಸಾಲಾಗಿ ನಿಂತಿದ್ದರೂ ಸಾಲಾಗಿ ಉರಿಯುವುದಿಲ್ಲ; ಒಂದು, ಮೂರು, ನಾಲ್ಕು, ಎರಡು ಅನ್ನುವ ಸರದಿ. ಹಾಗಿದ್ದರೇ ಕ್ರ್ಯಾಂಕಿಗೆ ಪೆಟ್ಟು ಸಮನಾಗಿ ಬೀಳುತ್ತದೆ. ಅವಳು ಅದನ್ನು ತಂದು ಬೆಳಗಿನ ಬಚ್ಚಲುಮನೆಗೆ ಅನ್ವಯಿಸಿದಳು. ಮೊದಲು ಅಜ್ಜಿ, ಆಮೇಲೆ ತಾನು, ಆಮೇಲೆ ತಮ್ಮ, ಎಲ್ಲರಾದ ಮೇಲೆ ಎರಡನೇ ನಂಬರಿನ ಅಪ್ಪ. ನನ್ನ ನಂಬರ್ ಎಷ್ಟು ಅಂದೆ. "ಅಮ್ಮಾ, ನೀನು ಡಿಸ್ಟ್ರಿಬ್ಯೂಟರ್. ನೀನು ಕೂಗಿ ಎಬ್ಬಿಸಿದ್ರೇ ಎಲ್ಲರೂ ಏಳೋದು" ಅಂದಳು. ಈ ಮನೆಯಲ್ಲಿ ನನ್ನ ಸ್ಥಾನ ಏನು ಅಂತ ಇಷ್ಟು ಸ್ಪಷ್ಟವಾಗಿ ಇನ್ನೊಬ್ಬರು ಹೇಳಿರಲಿಲ್ಲ.

ಇಷ್ಟಾದರೂ ಅತ್ತೆ ಕರಗಿರಲಿಲ್ಲ. ಕರಗಿಸಿದ್ದು ವಾಲ್ವ್ ಗ್ರೈಂಡಿಂಗ್. ಹೆಡ್ಡಿನಲ್ಲಿ ಪ್ರತಿ ವಾಲ್ವಿಗೂ ಒಂದು ಸೀಟು ಇರುತ್ತದೆ. ವಾಲ್ವು ಆ ಸೀಟಿನ ಮೇಲೆ ಸುತ್ತಲೂ ಸಂದಿಲ್ಲದೆ ಕೂರಬೇಕು, ಇಲ್ಲದಿದ್ದರೆ ಕಂಪ್ರೆಷನ್ ಸೋರುತ್ತದೆ. ಅದಕ್ಕೆ ಸೀಟಿನ ಅಂಚಿಗೆ ಮರಳುಮರಳಾದ ಪೇಸ್ಟು ಹಚ್ಚಿ, ರಬ್ಬರ್ ಬಟ್ಟಲಿರುವ ಮರದ ಕಡ್ಡಿಯನ್ನು ವಾಲ್ವಿನ ನೆತ್ತಿಗೆ ಕಚ್ಚಿಸಿ, ಎರಡು ಅಂಗೈ ನಡುವೆ ಹಿಡಿದು ಆ ಕಡೆ ಈ ಕಡೆ ಉಜ್ಜುತ್ತ ತಿರುಗಿಸಬೇಕು. ಇವರು ಕೂತರು. ಕಡ್ಡಿ ಜಾರುತ್ತದೆ, ರಬ್ಬರ್ ಬಿಡುತ್ತದೆ, ಬೆವರು ಇಳಿಯುತ್ತದೆ. ಹೂ ಕಟ್ಟುತ್ತ ಕೂತಿದ್ದ ಅತ್ತೆ ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ತಡೆಯಲಾರದೆ, "ಏನೋ ಅದು, ಮಜ್ಜಿಗೆ ಕಡೆಯೋ ಹಾಗಾ ಅದು? ಹಾಗೆ ಕಡೆದ್ರೆ ಬೆಣ್ಣೆ ಬಂದ ಹಾಗೇ. ಏಳು ಅತ್ತ" ಅಂದು ಸೆರಗು ಸಿಕ್ಕಿಸಿ ಕೂತರು.

ಕೂತರು ನೋಡಿ! ಐವತ್ತು ವರ್ಷ ಕಡೆಗೋಲು ಹಿಡಿದ ಕೈ. ಕಡ್ಡಿ ಎರಡು ಅಂಗೈ ನಡುವೆ ಸರ್ರನೆ ಹೋಗಿ ಸರ್ರನೆ ಬರುತ್ತಿತ್ತು. ನಾಲ್ಕು ಸುತ್ತಿಗೊಮ್ಮೆ ವಾಲ್ವನ್ನು ತುಸು ಮೇಲೆತ್ತಿ, ಜಾಗ ಬದಲಿಸಿ, ಮತ್ತೆ. ಮೊದಲು ಕರಕರ ಅನ್ನುತ್ತಿದ್ದ ಸದ್ದು ಮೆಲ್ಲಗೆ ನುಣ್ಣಗಾಗುತ್ತ ಬಂತು. ಸದ್ದು ಬದಲಾದದ್ದೇ ಕೈ ನಿಲ್ಲಿಸಿ "ಬಂತು" ಅಂದರು. ಬೆಣ್ಣೆ ಬಂತು ಅನ್ನುವ ದನಿಯಲ್ಲೇ. ಮೇಸ್ತ್ರಿ ಕುರ್ಚಿಯಿಂದ ಎದ್ದು ಬಂದು, ಪೇಸ್ಟು ಒರೆಸಿ ನೋಡಿದರೆ ವಾಲ್ವಿನ ಅಂಚಿನ ಸುತ್ತ ಎಲ್ಲೂ ತುಂಡಾಗದ, ಒಂದೇ ಅಗಲದ, ಮಾಸಲು ಬೂದಿ ಬಣ್ಣದ ಉಂಗುರ. ಹೆಡ್ಡನ್ನು ಮಗುಚಿ ಪೋರ್ಟಿನೊಳಗೆ ಪೆಟ್ರೋಲ್ ಹುಯ್ದು ಕಾದರು, ಒಂದು ತೊಟ್ಟೂ ಜಿನುಗಲಿಲ್ಲ. ಇವರನ್ನು ಇಷ್ಟು ದಿನ ಬೈದ ಬಾಯಿ "ಅಮ್ಮಾವ್ರು ಯಾವ ಗ್ಯಾರೇಜಲ್ಲಿ ಕಲ್ತಿದ್ದು?" ಅಂತ ಕೈ ಮುಗಿಯಿತು. ಎಂಟು ವಾಲ್ವೂ ಅತ್ತೆಯ ಕೈಯಲ್ಲೇ ಆದವು. ಮೂರನೆಯದರಿಂದ ಮುಂದೆ ಮಗನನ್ನು ಹತ್ತಿರಕ್ಕೂ ಬಿಡಲಿಲ್ಲ. ಶಿರಾಡಿ ಘಾಟಿಯ ಟವೆಲಿನ ಮಾತು ಆ ವಾರ ಬರಲಿಲ್ಲ.

ಜೋಡಿಸುವ ದಿನಗಳಲ್ಲಿ ಇವರ ಶುಚಿ ನೋಡಬೇಕಿತ್ತು. ಸೋಪು ಹಾಕಿ ಮೊಳಕೈವರೆಗೆ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿಕೊಂಡೇ ಬೇರಿಂಗ್ ಮುಟ್ಟುವುದು. ಒಂದು ಕಣ ಧೂಳು ಸಿಕ್ಕಿದರೆ ಕ್ರ್ಯಾಂಕ್ ಗೀರುತ್ತದಂತೆ. ಹೆಡ್ಡಿನ ನಟ್ಟುಗಳನ್ನು ಮನಸ್ಸಿಗೆ ಬಂದ ಹಾಗೆ ಬಿಗಿಯುವಂತಿಲ್ಲ. ನಡುವಿನಿಂದ ಶುರು ಮಾಡಿ, ಎದುರುಬದುರು, ಹೊರಕ್ಕೆ ಹೋಗುತ್ತ, ಒಂದೇ ಸಲಕ್ಕೆ ಪೂರಾ ಬಿಗಿಯದೆ ಸುತ್ತುಸುತ್ತಾಗಿ, ಟಾರ್ಕ್ ರೆಂಚಿನ ಮುಳ್ಳು ಹೇಳಿದಷ್ಟೇ. ಇಲ್ಲದಿದ್ದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಹಾರುತ್ತದೆ. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಒಂದು ಸಲವೂ ಪೂರ್ತಿ ತಿರುಗಿಸಿ ಇಟ್ಟವರಲ್ಲ. ಇಲ್ಲಿ ಒಂದೊಂದು ನಟ್ಟಿಗೆ ಮೂರು ಮೂರು ಸುತ್ತು ಬರುತ್ತಿದ್ದರು.

ಸೆಲ್ಫ್ ಹೊಡೆಯುವ ದಿನ ರಾಹುಕಾಲ ಕಳೆದ ಮೇಲೆ ಎಲ್ಲರೂ ಸೇರಿದೆವು. ಮೊದಲು ಪ್ಲಗ್ ಬಿಚ್ಚಿಟ್ಟು ಖಾಲಿ ತಿರುಗಿಸಿ ಒಳಗೆಲ್ಲ ಆಯಿಲ್ ಏರಿಸಿಕೊಂಡರು. ಪೆಟ್ರೋಲ್ ತರುವ ವಿಷಯದಲ್ಲಿ ಒಂದು ಚರ್ಚೆಯಾಯಿತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು, ಅದು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಎಲ್ಲ ತಿಂದುಹಾಕುತ್ತದೆ, ಹೊಸವು ಹಾಕಬೇಕು ಅಂದರು ಮೇಸ್ತ್ರಿ. ಎಥನಾಲ್ ಅಂದರೇನು ಅಂತ ಅತ್ತೆ ಕೇಳಿದರು. ಕಬ್ಬಿನಿಂದ ತೆಗೆಯೋದಮ್ಮ ಅಂದರು ಇವರು. "ಮಂಡ್ಯದ ಕಬ್ಬಿನ ಸಾರಾಯಿ ಅನ್ನು. ಮುದುಕಿಗೆ ಕುಡಿಸಿ ಓಡಿಸ್ತೀಯ" ಅಂದು ಎದ್ದು ಹೋಗಿ, ಕುಂಕುಮದ ಬಟ್ಟಲು ತಂದು ಬಾನೆಟ್ಟಿಗೆ ಇಟ್ಟರು. ಚೋಕ್ ಎಳೆದು ಕೀ ತಿರುಗಿಸಿದರು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಹಿಡಿಯಿತು. ಓಣಿಯೆಲ್ಲ ಹೊಗೆ. ಪಕ್ಕದ ಮನೆಯವರು ಸೊಳ್ಳೆ ಔಷಧಿ ಹೊಡೆಯಲು ಕಾರ್ಪೊರೇಷನ್ನಿನವರು ಬಂದರು ಅಂತ ಕಿಟಕಿ ಮುಚ್ಚಿದರು. ನನಗೆ ಈಗ ಹೊಗೆಯ ಬಣ್ಣ ಓದಲು ಬರುತ್ತದೆ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿ ನಿಲ್ಲದೆ ಬರುತ್ತಿದ್ದರೆ ನೀರು ಒಳಗೆ ಸೋರುತ್ತಿದೆ. ಮೊದಲ ಹೊಗೆ ಕಳೆದ ಮೇಲೆ ಯಾವ ಬಣ್ಣವೂ ಉಳಿಯಲಿಲ್ಲ. ಮೇಸ್ತ್ರಿ ಏನೂ ಬೈಯಲಿಲ್ಲ. ಅದೇ ಸರ್ಟಿಫಿಕೇಟು.

ಸರ್ಕಾರದ ಸರ್ಟಿಫಿಕೇಟೂ ಬೇಕು ಅಂತ ಇವರ ಆಸೆ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ: ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿ ವಿಂಟೇಜ್. 20,000 ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ, ಹತ್ತು ವರ್ಷಕ್ಕೆ ಚಲಾವಣೆ, ದಿನಬಳಕೆಗೆ ಮಾತ್ರ ರಸ್ತೆಗಿಳಿಸುವಂತಿಲ್ಲ. ಇದನ್ನು ಓದಿ ಹೇಳುತ್ತಿದ್ದರೆ ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಐವತ್ತು ದಾಟಿದ್ದು, ದಿನಬಳಕೆಗೆ ಬರದ್ದು... ನೀನೂ ಆಗ್ತೀಯಲ್ಲೋ. ಆದ್ರೆ ಮೂಲರೂಪ ಅಂತಾರಲ್ಲ, ನಿನ್ನ ಮುಂದಿನೆರಡು ಹಲ್ಲು ಕಟ್ಟಿಸಿದ್ದು. ಫೇಲ್ ಮಾಡ್ತಾರೆ."

ಎಲ್ಲ ಮುಗಿಯಿತು, ಇನ್ನು ಮನೆಗೊಬ್ಬ ಗಂಡಸು ಸಿಕ್ಕ ಅಂತ ನಾನು ಪರಾತ ಉಜ್ಜಿ ತೊಳೆದು ಮೇಲಿಟ್ಟೆ. ಸಿಕ್ಕರು. ಮಾರನೆಯ ದಿನವೇ ಅಡುಗೆಮನೆಗೆ ಬಂದು ನಿಂತರು. ಒಗ್ಗರಣೆಗೆ ಸೌಟು ಹಿಡಿದರೆ "ಉರಿ ರಿಚ್ ಆಯ್ತು, ಸ್ವಲ್ಪ ಲೀನ್ ಮಾಡು" ಅಂದರು. ಈರುಳ್ಳಿ ಹೆಚ್ಚಿದ್ದು ಒಂದೇ ಅಳತೆಯಲ್ಲಿಲ್ಲ ಅಂದರು. ಮಿಕ್ಸಿಯ ಬೇರಿಂಗ್ ಹೋಗುತ್ತಿದೆ, ಸದ್ದಿನಲ್ಲೇ ಗೊತ್ತಾಗುತ್ತೆ, ಬಿಚ್ಚಿ ನೋಡಲಾ ಅಂದರು. ಅತ್ತೆಯ ಚಕ್ಕುಲಿ ಒರಳಿಗೆ ಗ್ರೀಸ್ ಹಚ್ಚಲು ಹೋಗಿ ಬೈಸಿಕೊಂಡರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ನಮ್ಮಿಬ್ಬರ ಅಭಿಪ್ರಾಯ ಒಂದಾದ ಉದಾಹರಣೆ ಈ ಮನೆಯ ಚರಿತ್ರೆಯಲ್ಲಿ ಕಡಿಮೆ.

ಆ ಸಂಜೆಯೇ ನಾನು ವಿಚಾರಿಸಿದೆ. ಹಿಂದಿನ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಜಾವಾ ಬೈಕು ನಿಂತುಹೋಗಿದೆ. ನಮ್ಮ ಮೈಸೂರಿನದೇ ಸರಕು, ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಇಂಥವಕ್ಕೆ ಈಗ ಭಾರಿ ಬೇಡಿಕೆ, ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ ಇರುವ ಚಮತ್ಕಾರ, ಇವರಿಗೆ ಒಂದು ವರ್ಷಕ್ಕೆ ಸಾಕು. ಅತ್ತೆಗೆ ವಿಷಯ ತಿಳಿಸಿದೆ. ಅವರು ಯೋಚಿಸಿ, "ಅದಕ್ಕೆ ವಾಲ್ವ್ ಎಷ್ಟು?" ಅಂದರು. ಎರಡು ಸ್ಟ್ರೋಕಿನ ಗಾಡಿ ಅತ್ತೆ, ಅದಕ್ಕೆ ವಾಲ್ವೇ ಇರಲ್ಲ ಅಂದೆ. ಅವರ ಮುಖ ಸಣ್ಣಗಾಯಿತು. "ಹಾಗಾದ್ರೆ ಬೇಡ. ಅಂಬಾಸಿಡರ್ ಯಾವುದಾದ್ರೂ ಇದ್ಯಾ ನೋಡು. ಅದಕ್ಕೆ ಎಂಟು ಅಂತೆ, ಮೇಸ್ತ್ರಿ ಹೇಳಿದ್ರು."

ಅಂಬಾಸಿಡರ್ ತಂದರೆ ಎಲ್ಲಿ ನಿಲ್ಲಿಸುವುದು ಅತ್ತೆ, ಪೋರ್ಟಿಕೊದಲ್ಲಿ ಜಾಗವೆಲ್ಲಿದೆ ಅಂದೆ.

"ನಿನ್ನ ಸ್ಕೂಟರ್ ಆಚೆ ನಿಲ್ಲಿಸು."